ಕೆಸರಲ್ಲಿ ಹೂತು ಬಂದ ಮೇಲೆ ಜೀಪ್ ಬ್ಯಾಟರಿ ಚಾರ್ಜ್ ಆಗ್ತಿಲ್ಲ. ಡೈನಮೋ ಹೋಯ್ತಾ, ಬರೀ ಮಣ್ಣಾ?

ದುರ್ಗದ ಜೆರಾಕ್ಸ್ ಅಂಗಡಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ಗಾಡಿ ವಿಷಯದಲ್ಲಿ ನನ್ನ ಜ್ಞಾನ ಸ್ಟೆಪ್ನಿ ಬದಲಾಯಿಸುವವರೆಗೆ ಮಾತ್ರ.

ಅಪ್ಪನ ಕಾಲದ ಡೀಸೆಲ್ ಜೀಪು, 1998ರದು. ಭರಮಸಾಗರದ ಆಚೆ ನಮ್ಮದು ನಾಲ್ಕೂವರೆ ಎಕರೆ ಎರೆ ಹೊಲ. ಈ ಸಲ ಮೆಕ್ಕೆಜೋಳ ಹಾಕಿದ್ದೇವೆ. ಹೆದ್ದಾರಿ ಬಿಟ್ಟ ಮೇಲೆ ಹೊಲದವರೆಗೆ ಬರೀ ಬಂಡಿ ಜಾಡು. ಹಸ್ತ ಮಳೆ ಎರಡು ದಿನ ಬಿಡುವು ಕೊಟ್ಟಿತಲ್ಲ ಅಂತ ಹೋದ ಭಾನುವಾರ ಧೈರ್ಯ ಮಾಡಿ ಇಳಿಸಿದೆ. ಮೇಲೆ ಒಣಗಿದ ಹಾಗೆ ಕಾಣುತ್ತಿತ್ತು. ಹಳ್ಳ ದಾಟಿದ ಕೂಡಲೇ ಹಿಂದಿನ ಎರಡೂ ಗಾಲಿ ಆಕ್ಸಲ್ ಮಟ್ಟಕ್ಕೆ ಹೂತುಕೊಂಡವು. ಮುಕ್ಕಾಲು ಗಂಟೆ ಹಿಂದೆ ಮುಂದೆ ರೇಸ್ ಮಾಡಿದೆ, ಇನ್ನೂ ಒಳಗೆ ಹೋಯ್ತು. ಕೊನೆಗೆ ಪಕ್ಕದ ಹೊಲದವರ ಟ್ರ್ಯಾಕ್ಟರ್ ಎಳೆಯಿತು. ಬಾನೆಟ್ ಎತ್ತಿದರೆ ಫ್ಯಾನ್ ಎರಚಿದ ರಾಡಿ ಇಂಜಿನ್ ಪೂರ್ತಿ ಮೆತ್ತಿಕೊಂಡಿದೆ, ಕಣ ಸಾರಿಸಿದ ಹಾಗೆ.

ಅವತ್ತೇ ಸಂಜೆ ದುರ್ಗಕ್ಕೆ ಬಂದವನೇ ವಾಟರ್ ಸರ್ವೀಸ್‌ಗೆ ಬಿಟ್ಟೆ. ಇಂಜಿನ್ ಬಿಸಿ ಇರುವಾಗಲೇ ಹುಡುಗ ಬಾನೆಟ್ ಒಳಗೆ ಪ್ರೆಶರ್ ನೀರು ಹೊಡೆದ. ನಾನೇ 'ಚೆನ್ನಾಗಿ ಹೊಡಿ' ಅಂದಿದ್ದು, ಅವನದೇನೂ ತಪ್ಪಿಲ್ಲ.

ಮಂಗಳವಾರದಿಂದ ಶುರು. ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ ಮಂಕಾಗಿ ಉರಿಯುತ್ತೆ. ಪೂರ್ತಿ ಕೆಂಪಲ್ಲ, ದೇವರ ಮನೆ ಜೀರೋ ಬಲ್ಬ್ ಥರ. ಹೆಡ್‌ಲೈಟ್ ಹಾಕಿದರೆ ಸ್ವಲ್ಪ ಜಾಸ್ತಿ ಆಗುತ್ತೆ, ಜೊತೆಗೆ ಬೆಲ್ಟ್ ಕಡೆಯಿಂದ 'ಕೀಂಯ್' ಅಂತ ಸದ್ದು. ಗುರುವಾರ ಬೆಳಗ್ಗೆ ಸೆಲ್ಫ್ ಹೊಡೆದರೆ 'ಟಕ್' ಅಂದು ಸುಮ್ಮನಾಯ್ತು. ನಮ್ಮ ಮನೆ ಕೋಟೆ ಕಡೆ ಇಳಿಜಾರಿನಲ್ಲಿರುವುದರಿಂದ ಬಚಾವ್, ಸೆಕೆಂಡ್ ಗೇರಿಗೆ ಹಾಕಿ ಬಿಟ್ಟರೆ ಸ್ಟಾರ್ಟ್ ಆಗುತ್ತೆ. ಅಪ್ಪ ಅಂತೂ 'ಇನ್ಮೇಲೆ ಇಳಿಜಾರಲ್ಲೇ ನಿಲ್ಸು, ಅದಕ್ಯಾಕೆ ದುಡ್ಡು ಖರ್ಚು' ಅಂತಾರೆ.

ಒಬ್ಬ ಮೆಕ್ಯಾನಿಕ್ ಡೈನಮೋ ಹೋಗಿದೆ, ಹೊಸದೇ ಹಾಕಬೇಕು ಅಂದರು. ಇನ್ನೊಬ್ಬರು ಬ್ಯಾಟರಿ ಸತ್ತಿದೆ ಅಂದರು. ಬ್ಯಾಟರಿಗೆ ಎರಡು ವರ್ಷವೂ ಆಗಿಲ್ಲ. ಇಬ್ಬರೂ ಮೀಟರ್ ಹಿಡಿಯಲಿಲ್ಲ, ಅದೇ ನನಗೆ ಅನುಮಾನ. ಅಂಗಡಿಯಲ್ಲಿ ಜೆರಾಕ್ಸ್ ಮೆಷಿನ್ನಿಗೆ ಅಂತ ಇಟ್ಟಿದ್ದ ಮಲ್ಟಿಮೀಟರಲ್ಲಿ ನೋಡಿದೆ. ರಾತ್ರಿಯೆಲ್ಲ ನಿಂತ ಮೇಲೆ ಬ್ಯಾಟರಿ 12.1 ವೋಲ್ಟ್. ಇಂಜಿನ್ ಓಡುವಾಗ ಸ್ವಲ್ಪ ರೇಸ್ ಕೊಟ್ಟರೆ 12.6. ಹೆಡ್‌ಲೈಟ್ ಹಾಕಿದರೆ 11.9.

ದುಡ್ಡು ಸುರಿಯುವ ಮೊದಲು ಇನ್ನೇನು ನೋಡಬೇಕು ಹೇಳಿ.

ಸ್ಕೂಟರ್ ಸವಾರ:

ಚಾರ್ಜಿಂಗ್ ಪ್ರಾಬ್ಲಂ ಅಂದ ಕೂಡಲೇ ನನ್ನ ಥರ ಎಲೆಕ್ಟ್ರಿಕ್ ಸ್ಕೂಟರ್ ಇರಬೇಕು ಅಂತ ಓಡಿ ಬಂದೆ. 1998ರ ಜೀಪಾ! ನನಗೆ ಗೊತ್ತಿಲ್ಲದ ಲೋಕ. ಆದರೂ ಬ್ಯಾಟರಿ ಬದಲಾಯಿಸಿ ನೋಡಿ ಬ್ರೋ. 12.1 ಅಂದರೆ ಡೌನ್ ಅಲ್ವಾ?

ಹಳೇ ವಯರ್, ದಾವಣಗೆರೆ:

ತಮ್ಮಾ, ಸದ್ಯಕ್ಕೆ ಏನೂ ಕೊಳ್ಳಬೇಡ. ನಾನು ಪಿ.ಬಿ. ರಸ್ತೆಯಲ್ಲಿ ಲಾರಿ, ಜೀಪ್ ವೈರಿಂಗ್ ಮಾಡಿಕೊಂಡೇ ಕೂದಲು ಹಣ್ಣು ಮಾಡಿಕೊಂಡವನು. ಈಗ ಕಣ್ಣು ಸರಿಯಿಲ್ಲ, ಮೊಮ್ಮಗ ಟೈಪ್ ಮಾಡ್ತಿದ್ದಾನೆ.

ಬ್ಯಾಟರಿ ಪೂರ್ತಿ ತುಂಬಿದ್ದರೆ ನಿಂತಾಗ 12.6ರ ಆಸುಪಾಸು ಇರಬೇಕು. 12.2 ಅಂದರೆ ಅರ್ಧ. ನಿನ್ನದು ಅರ್ಧಕ್ಕಿಂತ ಕೆಳಗಿದೆ. ಅಂದರೆ ಹಸಿದಿದೆ, ಸತ್ತಿಲ್ಲ. ಊಟ ಹಾಕುವವನು, ಅಂದರೆ ಬೆಲ್ಟಿಂದ ತಿರುಗಿ ಕರೆಂಟ್ ಮಾಡೋ ಡೈನಮೋ, ಸರಿಯಾಗಿ ಹಾಕ್ತಿಲ್ಲ. ಇಂಜಿನ್ ಓಡುವಾಗ ಬ್ಯಾಟರಿ ಮೇಲೆ 13.8ರಿಂದ 14.4 ಬರಬೇಕು. ನಿನಗೆ 12.6 ಬಂದಿದೆ, ಲೈಟ್ ಹಾಕಿದರೆ 11.9. ಆ ಎರಡು ಹೆಡ್‌ಲೈಟೇ ಹತ್ತು ಆಂಪಿಯರ್ ತಿನ್ನುತ್ತವೆ. ದಿನಾ ರಾತ್ರಿ ಗಾಡಿ ಓಡಿಸಿದಷ್ಟೂ ಬ್ಯಾಟರಿ ಖಾಲಿ ಆಗ್ತಾ ಹೋಗುತ್ತೆ.

ಮೊದಲು ಬೆಲ್ಟ್ ನೋಡು, ಇಂಜಿನ್ ಆಫ್ ಮಾಡಿ. ಎರಡು ಪುಲ್ಲಿ ನಡುವೆ ಹೆಬ್ಬೆರಳಲ್ಲಿ ಒತ್ತಿದರೆ ಒಂದು ಸೆಂಟಿಮೀಟರ್, ಹೆಚ್ಚೆಂದರೆ ಒಂದೂಕಾಲು ತಗ್ಗಬೇಕು. ಬೆಲ್ಟಿನ ಪಕ್ಕದ ಮೈ ಗಾಜಿನ ಥರ ಮಿಂಚುತ್ತಿದ್ದರೆ ಜಾರಿ ಜಾರಿ ಸುಟ್ಟಿದೆ ಅಂತ ಅರ್ಥ. ಪುಲ್ಲಿಯ ವಿ ಆಕಾರದ ಸಂದಿಯಲ್ಲಿ ಎರೆ ಮಣ್ಣು ಕೂತಿದ್ದರೆ ಬೆಲ್ಟ್ ಮೇಲೆದ್ದು ಓಡುತ್ತೆ, ಹಿಡಿತ ಸಿಗಲ್ಲ. ಲೈಟ್ ಹಾಕಿದಾಗ ಕೀಂಯ್ ಅನ್ನೋದು ಅದೇ. ಲೋಡ್ ಬಿದ್ದಾಗ ಡೈನಮೋ ತಿರುಗಿಸೋದು ಭಾರ ಆಗುತ್ತೆ, ಬೆಲ್ಟ್ ಜಾರುತ್ತೆ.

ಇನ್ನೊಂದು ಮಾತು, ಇದನ್ನ ಮರೀಬೇಡ. ನಿನ್ನ ಥರದ ಹಳೇ ಡೀಸೆಲ್ ಗಾಡಿಗಳಲ್ಲಿ ಬಹಳಷ್ಟಕ್ಕೆ ಡೈನಮೋ ಬೆನ್ನಿಗೇ ವ್ಯಾಕ್ಯೂಮ್ ಪಂಪ್ ಇರುತ್ತೆ. ಬ್ರೇಕ್ ಹಗುರ ಮಾಡೋದು ಅದೇ. ಬೆಲ್ಟ್ ಜಾರಿದರೆ ಚಾರ್ಜೂ ಕಮ್ಮಿ, ಬ್ರೇಕೂ ಗಟ್ಟಿ. ಬ್ರೇಕ್ ಪೆಡಲ್ ಹೇಗಿದೆ ಅಂತ ಹೇಳು.

ಆಮೇಲೆ ಮೀಟರ್. ಡಿಸಿ 20ರಲ್ಲಿ ಇಡು. ಇಂಜಿನ್ ಓಡ್ತಿರಲಿ, ಹೆಡ್‌ಲೈಟ್ ಹಾಕಿರು. ಬರೀ ಬ್ಯಾಟರಿ ಮೇಲೆ ಹಿಡಿದರೆ ಸಾಲದು. ಡೈನಮೋ ಹಿಂದೆ ದಪ್ಪ ವೈರ್ ಬಂದು ಕೂತಿರೋ ಬೋಲ್ಟಿಂದ ಬ್ಯಾಟರಿ ಪ್ಲಸ್ಸಿಗೆ ಎಷ್ಟು ವ್ಯತ್ಯಾಸ, ಡೈನಮೋ ಮೈಯಿಂದ ಬ್ಯಾಟರಿ ಮೈನಸ್ಸಿಗೆ ಎಷ್ಟು ವ್ಯತ್ಯಾಸ, ಎರಡೂ ಬೇಕು. ಪ್ಲಸ್ ಕಡೆ 0.3, ಮೈನಸ್ ಕಡೆ 0.2 ದಾಟಬಾರದು. ದಾಟಿದರೆ ಡೈನಮೋ ಮಾಡಿದ ಕರೆಂಟು ದಾರಿಯಲ್ಲೇ ಸೋರಿ ಹೋಗ್ತಿದೆ.

ಕೈ, ಅಂಗಿ ತೋಳು, ಟವಲ್ಲು ಫ್ಯಾನಿಂದ ದೂರ ಇರಲಿ. ಮತ್ತೆ ಯಾರಾದರೂ ಮಹಾನುಭಾವರು ಬಂದು 'ಇಂಜಿನ್ ಓಡುವಾಗ ಟರ್ಮಿನಲ್ ಕಿತ್ತು ನೋಡೋಣ, ಬಂದ್ ಆದ್ರೆ ಡೈನಮೋ ಹೋಗಿದೆ' ಅಂತಾರೆ. ನಿನ್ನದು ಡೀಸೆಲ್, ಡೈನಮೋ ಸತ್ತಿದ್ದರೂ ಓಡುತ್ತೆ, ಏನೂ ಗೊತ್ತಾಗಲ್ಲ. ಬದಲಿಗೆ ಕಿತ್ತ ಕ್ಷಣ 14 ವೋಲ್ಟ್ ಇರೋ ಜಾಗದಲ್ಲಿ ಅದರ ಹಲವು ಪಟ್ಟು ಎಗರಿ, ಎಸಿಯನ್ನ ಡಿಸಿ ಮಾಡೋ ಒಳಗಿನ ಡಯೋಡ್ ಸುಡುತ್ತೆ. ಅದು ನಿಜವಾದ ಡೈನಮೋ ಇದ್ದ ಕಾಲದ ಚಾಳಿ. ಈಗಿನದು ಆಲ್ಟರ್ನೇಟರ್, ನಾವು ಬಾಯಿ ಅಭ್ಯಾಸಕ್ಕೆ ಡೈನಮೋ ಅಂತೀವಿ ಅಷ್ಟೆ.

ಹೊಳಲ್ಕೆರೆ ತೋಟದವ:

ಯಜಮಾನರು ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸ್ತೀನಿ. ನಮ್ಮದು ಕೆಂಪು ಮಣ್ಣು, ಅಡಿಕೆ ತೋಟದ ದಾರಿ. ನಮ್ಮಲ್ಲಿ ಕೆಸರು ಒಣಗಿದರೆ ಪುಡಿಯಾಗಿ ಉದುರುತ್ತೆ. ಆದರೆ ಅದರಲ್ಲಿ ಮರಳು ಜಾಸ್ತಿ, ಬೇರಿಂಗನ್ನ, ಡೈನಮೋ ಒಳಗೆ ತಿರುಗೋ ಭಾಗಕ್ಕೆ ಕರೆಂಟ್ ಮುಟ್ಟಿಸೋ ಕಾರ್ಬನ್ ತುಂಡುಗಳನ್ನ ತಿಂದು ಹಾಕುತ್ತೆ. ನಿಮ್ಮ ಎರೆ ಮಣ್ಣಿನದು ಬೇರೆ ಕಥೆ. ಹಸಿ ಇದ್ದಾಗ ಉಬ್ಬಿ ಸಂದಿಗೆಲ್ಲ ನುಗ್ಗುತ್ತೆ, ಒಣಗಿದಾಗ ಬಿಗಿದು ಕಲ್ಲಾಗುತ್ತೆ. ಬೇಸಿಗೆಯಲ್ಲಿ ಹೊಲ ಬಿರಿಯುತ್ತಲ್ಲ, ಅದೇ ಗುಣ. ಭಾನುವಾರ ಹೂತು ಮಂಗಳವಾರ ದೀಪ ಬಂತು ಅಂದರೆ ಒಳಗೆ ಹೋದದ್ದು ಒಣಗೋಕೆ ಎರಡು ದಿನ ತಗೊಂಡಿದೆ ಅಂತ ನನ್ನ ಲೆಕ್ಕ.

ಡೈನಮೋ ಮೈಗೆ ಗಾಳಿ ಆಡೋ ಕಿಂಡಿ ಇರುತ್ತವೆ. ಟಾರ್ಚ್ ಬಿಟ್ಟು ನೋಡಿ. ಮುಚ್ಚಿದ್ದರೆ ಬಿಸಿಯಾಗಿ ಒಂದು ದಿನ ನಿಜವಾಗ್ಲೂ ಸುಡುತ್ತೆ.

ದುರ್ಗದ ಜೆರಾಕ್ಸ್ ಅಂಗಡಿ:

ಯಜಮಾನ್ರೇ, ಮೊಮ್ಮಗನಿಗೂ ಸೇರಿಸಿ ಥ್ಯಾಂಕ್ಸ್. ಇವತ್ತು ಅಂಗಡಿ ಮಧ್ಯಾಹ್ನ ಮುಚ್ಚಿ ಇದೇ ಕೆಲಸ ಮಾಡಿದೆ. ಹಳೇ ಬಿಲ್ ಬುಕ್ ಹಿಂದೆ ಬರ್ಕೊಂಡಿದ್ದೀನಿ, ಹಾಗೇ ಇಳಿಸ್ತೀನಿ.

ಬೆಲ್ಟ್ ಎರಡು ಸೆಂಟಿಮೀಟರ್ ಮೇಲೇ ತಗ್ಗಿತು. ಪಕ್ಕದ ಮೈ ಮಿರಮಿರ ಮಿಂಚ್ತಿದೆ. ಪುಲ್ಲಿ ಸಂದಿಯಲ್ಲಿ ಸ್ಕ್ರೂಡ್ರೈವರ್ ಆಡಿಸಿದರೆ ಕಪ್ಪು ಮಣ್ಣು ಚಕ್ಕುಲಿ ಥರ ಸುರುಳಿ ಸುರುಳಿ ಕಿತ್ತು ಬಂತು. ಬ್ರೇಕ್ ಪೆಡಲ್ ನೀವು ಹೇಳಿದ ಮೇಲೆ ಗಮನಿಸಿದೆ. ಹೌದು, ಬಿಗಿಯಾಗಿದೆ. ಕೆಸರು ಹೋಗಿ ಕೂತಿದೆ, ಒಣಗಿದರೆ ಸರಿ ಹೋಗುತ್ತೆ ಅಂದ್ಕೊಂಡು ಮೂರು ದಿನ ಬಿ.ಡಿ. ರಸ್ತೆ ಟ್ರಾಫಿಕ್ಕಲ್ಲಿ ಓಡಿಸಿದ್ದೀನಿ. ಈಗ ನೆನೆಸಿಕೊಂಡರೆ ಮೈ ಜುಂ ಅನ್ನುತ್ತೆ.

ಲೈಟ್ ಹಾಕಿ, ರೇಸ್ ಕೊಟ್ಟು: ಬ್ಯಾಟರಿ 11.9. ಪ್ಲಸ್ ಕಡೆ ವ್ಯತ್ಯಾಸ 0.1. ಡೈನಮೋ ಮೈಯಿಂದ ಮೈನಸ್ಸಿಗೆ 0.7!

ಡೈನಮೋ ಬೋಲ್ಟಿಂದ ಅದರ ಮೈಗೇ ಹಿಡಿದರೆ 12.7. ಕೂಡಿ ಕಳೆದು ನೋಡಿದೆ, ಲೆಕ್ಕ ತಾಳೆ ಆಗುತ್ತೆ.

ಅರ್ಥಿಂಗ್ ವೈರ್ ಬಿಚ್ಚಿ ಕ್ಲೀನ್ ಮಾಡಬೇಕಾ? ಬ್ಯಾಟರಿ ಮೈನಸ್ ವೈರ್ ಇಂಜಿನ್ ಬ್ಲಾಕಿಗೆ ಬಂದಿದೆ, ಅದು ನೋಡೋಕೆ ಚೆನ್ನಾಗೇ ಇದೆ.

ಹಳೇ ವಯರ್, ದಾವಣಗೆರೆ:

ಆ ವೈರ್ ಬಿಡು. ಅದು ಕೆಟ್ಟಿದ್ದರೆ ಬ್ಯಾಟರಿ ಚೆನ್ನಾಗಿದ್ದ ದಿನವೂ ಸೆಲ್ಫ್ ಎಳೀತಿರಲಿಲ್ಲ, ಅದು ನೂರಾರು ಆಂಪಿಯರ್ ಕೇಳೋ ರಾಕ್ಷಸ. ನಿನ್ನ ಡೈನಮೋಗೆ ಬೇರೆ ಅರ್ಥ್ ವೈರ್ ಇಲ್ಲ ಅಂದ್ಕೋತೀನಿ. ಅದು ಕೂತಿರೋ ಬ್ರಾಕೆಟ್ಟೇ ಅದಕ್ಕೆ ಅರ್ಥ್. ಬೆಲ್ಟ್ ಅಷ್ಟು ಸಡಿಲ ಇದೆ ಅಂದರೆ ಬೋಲ್ಟ್ ಸಡಿಲ ಆಗಿದೆ. ಸಡಿಲ ಆದ ಸಂದಿಗೆ ಮಣ್ಣು, ನೀರು ಹೋಗಿ ತುಕ್ಕು ಹಿಡಿದಿದೆ. ಕಬ್ಬಿಣಕ್ಕೆ ಕಬ್ಬಿಣ ತಾಗ್ತಿಲ್ಲ.

ಮೊದಲು ಬ್ಯಾಟರಿ ಮೈನಸ್ ಬಿಚ್ಚು, ಇಂಜಿನ್ ಆಫ್ ಇದ್ದಾಗ. ಆಮೇಲೆ ಕೆಳಗಿನ ಉದ್ದ ಬೋಲ್ಟ್, ಮೇಲಿನ ಸೀಳು ಪಟ್ಟಿಯ ಬೋಲ್ಟ್ ಎರಡೂ ಸಡಿಲಿಸು. ತಾಗೋ ಮೈಗಳನ್ನೆಲ್ಲ ವೈರ್ ಬ್ರಷ್ಷಲ್ಲಿ ಉಜ್ಜಿ ಬೆಳ್ಳಗೆ ಮಾಡು. ಬೆಲ್ಟ್ ಹೊಸದು ಹಾಕು, ಮಿಂಚಿದ ಬೆಲ್ಟ್ ಎಷ್ಟು ಬಿಗಿ ಮಾಡಿದರೂ ಜಾರುತ್ತೆ. ಬಿಗಿ ಮಾಡುವಾಗ ರಾಡ್ ಹಾಕಿ ಮೀಟುತ್ತೀಯಲ್ಲ, ವ್ಯಾಕ್ಯೂಮ್ ಪಂಪಿಗೆ ಊರಬೇಡ, ಒಡೆದು ಹೋದೀತು. ಅತಿ ಬಿಗಿ ಮಾಡಿದರೆ ಬೇರಿಂಗ್ ಹೋಗುತ್ತೆ.

ಇಷ್ಟಕ್ಕೆ ಪೂರ್ತಿ ಸರಿ ಹೋಗಲ್ಲ ಅಂತ ನನ್ನ ಅನುಮಾನ. ಡೈನಮೋ ತನ್ನ ಮೈ ಮೇಲೇ 12.7 ಕೊಡ್ತಿದೆ, ಅಲ್ಲಿ 14 ಇರಬೇಕಿತ್ತು. ಬರೀ ಅರ್ಥ್ ಕೆಟ್ಟಿದ್ದಕ್ಕೆ ದೀಪ ಹೀಗೆ ಮಂಕಾಗಿ ಉರಿಯಲ್ಲ. ದೀಪದ ಕಥೆ ಒಳಗಿನ ಕಾರ್ಬನ್ನಿಂದು. ಬೆಲ್ಟ್ ಹಾಕಿದ ಮೇಲೆ ಒಂದು ಕೆಲಸ ಮಾಡು. ಇಂಜಿನ್ ಆಫ್, ಕೀ ಮಾತ್ರ ಆನ್. ದೀಪ ಚೆನ್ನಾಗಿ ಉರೀಬೇಕು. ಆ ದೀಪದ ಮೂಲಕವೇ ಕಾರ್ಬನ್ನಿಗೆ ಮೊದಲ ಕರೆಂಟ್ ಹೋಗೋದು. ಮಂಕಾಗಿದ್ದರೆ ಸುತ್ತಿಗೆ ಹಿಡಿಯಿಂದ, ಮರದ ತುದಿಯಿಂದ, ಡೈನಮೋ ಬೆನ್ನಿಗೆ ಮೆಲ್ಲಗೆ ತಟ್ಟು. ಯಾರನ್ನಾದರೂ ದೀಪ ನೋಡೋಕೆ ಕೂರಿಸು.

ಡಯೋಡ್ ಕೂಡ ನೋಡಿಬಿಡು. ಇಂಜಿನ್ ಓಡುವಾಗ ಬ್ಯಾಟರಿ ಮೇಲೆ ಮೀಟರ್ ಎಸಿಯಲ್ಲಿ ಹಿಡಿ. ಅರ್ಧ ವೋಲ್ಟ್ ದಾಟಿದರೆ ಡಯೋಡ್ ಹೋಗಿರುತ್ತೆ. ಆದರೆ ಕೆಲವು ಅಗ್ಗದ ಮೀಟರ್ ಎಸಿಯಲ್ಲಿಟ್ಟರೂ ಡಿಸಿಯನ್ನೇ ಇಮ್ಮಡಿ ಮಾಡಿ ತೋರಿಸುತ್ತವೆ. 25, 27 ಅಂತ ಬಂದರೆ ಹೆದರಬೇಡ, ಅದು ಮೀಟರಿನ ಕಾಯಿಲೆ.

ದುರ್ಗದ ಜೆರಾಕ್ಸ್ ಅಂಗಡಿ:

ಯಜಮಾನ್ರೇ, ನೀವು ದುರ್ಗಕ್ಕೆ ಬಂದರೆ ನಮ್ಮ ಮನೇಲೇ ಊಟ.

ಹೊಸ ಬೆಲ್ಟ್ ಹಾಕಿದೆ. ಕೆಳಗಿನ ಬೋಲ್ಟ್ ಕೈಯಲ್ಲೇ ತಿರುಗ್ತಿತ್ತು. ಬ್ರಾಕೆಟ್ ಸಂದಿಯಿಂದ ಎರಡು ರೂಪಾಯಿ ನಾಣ್ಯದಷ್ಟು ದಪ್ಪ ಮಣ್ಣಿನ ಬಿಲ್ಲೆ ಬಂತು, ಒಂದು ಬದಿಗೆ ತುಕ್ಕಿನ ಕೆಂಪು ಹತ್ತಿದೆ. ಉಜ್ಜಿ ಬಿಗಿ ಮಾಡಿದ ಮೇಲೆ ಮೈನಸ್ ಕಡೆ ವ್ಯತ್ಯಾಸ 0.7 ಇದ್ದದ್ದು 0.05ಕ್ಕೆ ಇಳಿಯಿತು. ಬ್ರೇಕ್ ಮೊದಲಿನ ಹಾಗೆ ಹಗುರ. ಕೀಂಯ್ ಸದ್ದು ಇಲ್ಲ. ಲೈಟ್ ಹಾಕಿ ಬ್ಯಾಟರಿ ಮೇಲೆ 13.0. ಮೇಲೇರಿದೆ, ಆದರೆ ನೀವು ಹೇಳಿದ ಹಾಗೇ ದೀಪ ಇನ್ನೂ ಮಂಕು.

ಎಸಿಯಲ್ಲಿ ಹಿಡಿದೆ. 27 ಬಂತು! ನಕ್ಕುಬಿಟ್ಟೆ. ಪಕ್ಕದ ಟಿವಿ ರಿಪೇರಿ ಅಂಗಡಿಯವರ ಒಳ್ಳೇ ಮೀಟರ್ ತಂದು ನೋಡಿದೆ, 0.06. ಡಯೋಡ್ ಪಾಸ್.

ಆಮೇಲೆ ಸುತ್ತಿಗೆ. ಅಪ್ಪನ್ನ ಸೀಟಲ್ಲಿ ಕೂರಿಸಿ ಕೀ ಆನ್ ಮಾಡಿಸಿದೆ. 'ಹೆಂಗೈತಪ್ಪಾ ದೀಪ?' 'ಮಂಕೈತಿ.' ಮೆಲ್ಲಗೆ ಎರಡು ಸಲ ತಟ್ಟಿದೆ. 'ಮಂಕೈತಿ.' ಇನ್ನೊಂದು ತಟ್ಟಿದೆ. 'ಏ ಬಂತಲೇ!' ಅಂತ ಒಳಗಿಂದ ಕೂಗು. ಎದ್ದು ಹೋಗಿ ನೋಡಿದರೆ ದೀಪ ಕೆಂಡದ ಹಾಗೆ. ನಾನು ನೋಡ್ತಿರುವಾಗಲೇ ಮತ್ತೆ ಮಂಕಾಯ್ತು.

ನಾಳೆ ಬಿಚ್ಚಿಸ್ತೀನಿ. ನಾನೇ ಬಿಚ್ಚೋ ಧೈರ್ಯ ಇಲ್ಲ.

ಹಳೇ ವಯರ್, ದಾವಣಗೆರೆ:

ಹೂಂ, ಕಾರ್ಬನ್ ಅದರ ಗೂಡಲ್ಲಿ ಸಿಕ್ಕಿಕೊಂಡಿದೆ. ಸ್ಪ್ರಿಂಗ್ ತಳ್ಳಿದರೂ ಜಾರ್ತಿಲ್ಲ, ಒಳಗೆ ತಿರುಗೋ ರಿಂಗಿಗೆ ಅರ್ಧಂಬರ್ಧ ತಾಗ್ತಿದೆ. ಬಿಚ್ಚುವವರಿಗೆ ಹೇಳು: ವ್ಯಾಕ್ಯೂಮ್ ಪಂಪಿನ ಆಯಿಲ್ ಪೈಪ್ ಬಿಚ್ಚಿದ ಕೂಡಲೇ ಬಾಯಿಗೆ ಬಟ್ಟೆ ತುರುಕಬೇಕು, ಮಣ್ಣು ಒಳಗೆ ಹೋಗಬಾರದು. ಪಂಪಿನ ಆಯಿಲ್ ಸೀಲ್ ಸೋರಿದೆಯಾ ಅಂತಲೂ ನೋಡಲಿ. ಆಯಿಲ್ಲೂ ಎರೆ ಮಣ್ಣೂ ಸೇರಿದರೆ ಗ್ರೀಸಿಗಿಂತ ಕಷ್ಟ.

ಡೀಸೆಲ್ಲಲ್ಲಿ ಅದ್ದಿ ತೊಳೆಯೋಕೆ ಬಿಡಬೇಡ. ರಿಂಗ್ ಮೇಲೆ ಎಣ್ಣೆ ಪೊರೆ ಕೂರುತ್ತೆ. ಬ್ರಷ್, ಗಾಳಿ, ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಕಾರ್ಬನ್ ಹೊರಗೆ ಚಾಚಿರೋದು 5 ಮಿಲಿಮೀಟರಿಗಿಂತ ಕಮ್ಮಿ ಇದ್ದರೆ ಹೊಸದು. ರಿಂಗ್ ಕಪ್ಪಗಿದ್ದರೆ ತುಂಬಾ ನಯದ ಪಾಲಿಶ್ ಪೇಪರಲ್ಲಿ ಸುತ್ತಲೂ ಒಂದೇ ಸಮ ಉಜ್ಜಲಿ, ಒಂದೇ ಕಡೆ ಉಜ್ಜಿ ಹಳ್ಳ ಮಾಡೋದು ಬೇಡ.

ಬ್ಯಾಟರಿ ಬಿಚ್ಚಿ ಹೊರಗಡೆ ರಾತ್ರಿಯಿಡೀ ನಿಧಾನ ಚಾರ್ಜಿಗೆ ಇಡು. ಖಾಲಿ ಬ್ಯಾಟರಿ ತುಂಬೋ ಕೆಲಸ ಆಗಷ್ಟೇ ಗುಣ ಆದ ಡೈನಮೋ ಮೇಲೆ ಹೇರಬಾರದು.

ಸ್ಕೂಟರ್ ಸವಾರ:

ಬ್ಯಾಟರಿ ಬದಲಾಯಿಸಿ ಅಂದಿದ್ದೆ, ವಾಪಸ್ ತಗೊಂಡೆ. ಸುಮ್ನೆ ಓದ್ತಾ ಕೂತಿದ್ದೀನಿ, ಧಾರಾವಾಹಿ ಥರ ಇದೆ. ನಾನೂ ನಾಳೆ ನನ್ನ ಚಾರ್ಜಿಂಗ್ ಪಾಯಿಂಟಿನ ಮುಚ್ಚಳ ತೆಗೆದು ಮಣ್ಣು ನೋಡ್ತೀನಿ.

ದುರ್ಗದ ಜೆರಾಕ್ಸ್ ಅಂಗಡಿ:

ಇವತ್ತು ಚಳ್ಳಕೆರೆ ಗೇಟ್ ಹತ್ತಿರ ಒಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್ ಕೈಲಿ ಬಿಚ್ಚಿಸಿದೆ. ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ಕೂತಿದ್ದೆ, ಅವರಿಗೆ ಕಿರಿಕಿರಿ ಆಗುವಷ್ಟು ಹತ್ತಿರ.

ಕಾರ್ಬನ್ ಗೂಡು ಹೊರಗೆ ಬಂದಾಗ ಎರಡರಲ್ಲಿ ಒಂದು ಕಾರ್ಬನ್ ಬೆರಳಲ್ಲಿ ಒತ್ತಿದರೆ ಪುಟಕ್ಕನೆ ಎಗರ್ತಿತ್ತು. ಇನ್ನೊಂದು ಒತ್ತಿದಲ್ಲೇ ಕೂತಿತು, ವಾಪಸ್ ಬರಲೇ ಇಲ್ಲ. ಗೂಡಿನ ಗೋಡೆಗೂ ಅದಕ್ಕೂ ನಡುವೆ ಕಪ್ಪು ಮಣ್ಣು, ಸೂಜಿ ಹಾಕಿ ಎಬ್ಬಿಸಬೇಕಾಯ್ತು. ಪ್ರೆಶರ್ ನೀರೇ ಅದನ್ನ ಒಳಗೆ ತಳ್ಳಿದ್ದು ಅಂತ ಅವರ ಅಭಿಪ್ರಾಯ. ಬರೀ ಕೆಸರಾಗಿದ್ದರೆ ಹೊರಗಡೆಯೇ ಗಟ್ಟಿಯಾಗಿ ನಿಲ್ತಿತ್ತಂತೆ. ಬಿಸಿ ಇಂಜಿನ್ನಿಗೆ ನೀರು ಹೊಡೆಸಿದ್ದಕ್ಕೆ ನನಗೂ ಎರಡು ಮಾತು ಬಿತ್ತು. ತಣ್ಣಗಾದ ಮೇಲೆ, ಡೈನಮೋಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ತೋಟದ ಪೈಪಲ್ಲಿ ಮೆಲ್ಲಗೆ ಬಿಡಬೇಕಿತ್ತು ಅಂದರು.

ಸೀಲ್ ಸೋರಿಲ್ಲ. ಬೇರಿಂಗ್ ಸದ್ದಿಲ್ಲ. ಗಾಳಿ ಕಿಂಡಿ ಅರ್ಧಕ್ಕರ್ಧ ಮುಚ್ಚಿದ್ದವು, ಹೊಳಲ್ಕೆರೆಯವರು ಹೇಳಿದ್ದು ಸರಿ. ಕಾರ್ಬನ್ ಜೋಡಿ ಹೊಸದು ಹಾಕಿದರು. ಅದರ ದುಡ್ಡು ಕೇಳಿದಾಗ ನಾನು ಎರಡು ಸಲ ಕೇಳಿಸಿಕೊಂಡೆ, ಸಂಜೆ ಮಂಡಕ್ಕಿ ಮಿರ್ಚಿಗೆ ನಾಲ್ಕು ಜನ ಕೂತರೆ ಅದಕ್ಕಿಂತ ಜಾಸ್ತಿ ಆಗುತ್ತೆ. ಮಜೂರಿ ಬೇರೆ ಕೊಟ್ಟೆ, ಅವರು ಕೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ.

ಈಗ ಕೀ ಆನ್ ಮಾಡಿದರೆ ದೀಪ ಕೆಂಪಗೆ, ಸ್ಟಾರ್ಟ್ ಆದ ಕೂಡಲೇ ಪೂರ್ತಿ ಆಫ್. ರೇಸ್ ಕೊಟ್ಟು 14.2. ಹೆಡ್‌ಲೈಟ್ ಹಾಕಿ 13.9.

ಹಳೇ ವಯರ್, ದಾವಣಗೆರೆ:

ಬೆಳಗ್ಗೆ ಸ್ಟಾರ್ಟ್ ಮಾಡೋ ಮೊದಲು ಬ್ಯಾಟರಿ ಎಷ್ಟಿದೆ ನೋಡಿ ಹೇಳು. ಹೊಸ ಬೆಲ್ಟ್ ನಾಲ್ಕೈದು ದಿನ ಓಡಿದ ಮೇಲೆ ಹಿಗ್ಗುತ್ತೆ, ಇನ್ನೊಮ್ಮೆ ಬಿಗಿ ನೋಡಬೇಕು.

ದುರ್ಗದ ಜೆರಾಕ್ಸ್ ಅಂಗಡಿ:

ಬೆಳಗ್ಗೆ ಆರಕ್ಕೆ ನೋಡಿದೆ, 12.6. ಸೆಲ್ಫ್ ಒಂದೇ ಹೊಡೆತಕ್ಕೆ ಎಳೆಯಿತು. ಅಪ್ಪ ಮಾತ್ರ ಇನ್ನೂ ನಂಬಿಲ್ಲ, ರಾತ್ರಿ ನಾನು ಸಮತಟ್ಟಲ್ಲಿ ನಿಲ್ಲಿಸಿದ್ದನ್ನ ಎದ್ದು ಹೋಗಿ ಇಳಿಜಾರಿಗೆ ತಳ್ಳಿಸಿದ್ದಾರೆ.

ಭಾನುವಾರ ಮೆಕ್ಕೆಜೋಳ ಮುರಿಸೋದಿದೆ. ಜೀಪನ್ನ ಡಾಂಬರ್ ಮೇಲೇ ಬಿಟ್ಟು ಹಳ್ಳದಿಂದಾಚೆ ಟ್ರ್ಯಾಕ್ಟರಲ್ಲಿ ಹೋಗ್ತೀನಿ. ಬೆಲ್ಟ್ ಬಿಗಿ ನೋಡೋದು ಸೋಮವಾರ, ಬಿಲ್ ಬುಕ್ಕಲ್ಲಿ ಬರ್ಕೊಂಡಿದ್ದೀನಿ.